ಕಟ್ಟದ ಮನೆಯಲ್ಲಿ ನನ್ನ ತಮ್ಮನ ಓಡಾಟ

ಬುನಾದಿ ತೋಡುವ ಮೊದಲೇ ಮನೆಯೊಳಗೆಲ್ಲ ತಿರುಗಾಡಿ ಬರುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ತಮ್ಮ! ಹೊನ್ನಾವರದಲ್ಲಿ ಮನೆಗಳ ನಕ್ಷೆ ಬರೆಯುತ್ತ ನೆಟ್ಟಗೇ ಇದ್ದ. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕೊಂಡ, ತ್ರೀಡಿ ಕಲಿತ, ಅಲ್ಲಿಂದ ಕೆಟ್ಟ. ಮೌಸು ತಳ್ಳಿದರೆ ಪರದೆಯ ಮೇಲೆ ಜಗಲಿ ದಾಟಿ ಅಡುಗೆಮನೆಗೇ ಹೋಗಬಹುದಂತೆ. ಹೋಗುವಾಗ ಇವನೂ ಕುರ್ಚಿಯಲ್ಲಿ ಓಲುತ್ತಾನೆ. ಬಾಗಿಲು ಗಿಡ್ಡವಿದ್ದರೆ ತಲೆ ತಗ್ಗಿಸುತ್ತಾನೆ!

ಕುಮಟೆಯ ಗಿರಾಕಿಯೊಬ್ಬರಿಗೆ ನಾಲ್ಕೂ ದಿಕ್ಕು ಕಾಣಲೆಂದು ಪರದೆಯ ಮೇಲೆ ಮನೆಯನ್ನು ಬುಗುರಿಯಂತೆ ತಿರುಗಿಸುತ್ತಿದ್ದನಂತೆ. ಬಾಗಿಲು ಆಫೀಸಿನ ಪೂರ್ವದ ಕಿಟಕಿಯ ಕಡೆ ಬಂದಾಗ ಅವರು, "ಸಾಕು ಸಾಕು, ಪೂರ್ವಕ್ಕಾತು, ಇಲ್ಲೇ ಬಿಡಿ" ಎಂದರು. ಕಿಟಕಿಯ ದಿಕ್ಕೇ ಬೇರೆ, ನಕ್ಷೆಯ ದಿಕ್ಕೇ ಬೇರೆ ಎಂದು ನೋಡದೆ ಇವನು ಬಿಟ್ಟ. ಗೋಡೆ ಎದೆಮಟ್ಟ ಎದ್ದ ಮೇಲೆ ನೋಡಿದರೆ ಬಾಗಿಲು ಪಶ್ಚಿಮಕ್ಕೇ!

ಇಂಥವನ ಕೈಗೆ ನಮ್ಮ ಮನೆ ಸಿಕ್ಕಿತು. ಬೆಳಕೆ ಊರಿನ ನಮ್ಮ ಹಳೆಯ ಮನೆಯ ಹಿಂದಿನ ಗೋಡೆ ಬಿದ್ದಿತ್ತು. ನಮ್ಮ ಯಜಮಾನರಿಗೆ ಲಕ್ವಾ ಹೊಡೆದು ವರ್ಷವಾಗಿತ್ತು. ಜಗಲಿಯಲ್ಲಿ ಕೂತು ಊರಿನವರನ್ನೆಲ್ಲ ಕರೆದು ಮಾತಾಡಿಸುತ್ತಿದ್ದವರು ಮಂಚ ಹಿಡಿದು ಮಾತೇ ನಿಲ್ಲಿಸಿದ್ದರು. ನಾನು ತಮ್ಮನಿಗೆ ಹೇಳಿದ್ದು ಒಂದೇ: ಹೊಸ ಮನೆಯಲ್ಲಿ ಮಲಗಿದಲ್ಲಿಂದ ಅವರಿಗೆ ದಾರಿ ಕಾಣಬೇಕು.

ಕಂಪ್ಯೂಟರಿಗೆ ಬಾಳಂತಿಯ ಹಾಗೆ ಕಂಬಳಿ ಸುತ್ತಿ ಟೆಂಪೊದಲ್ಲಿ ತಂದ. ಮೊದಲು ಹೊಸ ಮನೆಯನ್ನು ಹೆಂಚಿನ ಮಾಡಿನ ಮೇಲಿಂದ ತೋರಿಸಿದ.

"ನಾವೆಂತಾ ಕಾಗೆಯೇನೋ, ತಮಾ?" ಅಂದೆ.

ಕೆಳಗಿಳಿದು ಕೋಣೆ ಹೊಕ್ಕ. ಕಿಟಕಿಯಲ್ಲಿ ದಾರಿ ಚೆಂದವಾಗಿ ಕಂಡಿತು.

"ಕಾಣ್ತದಲ್ಲ, ಅಕ್ಕ?"

"ನಿಂತವ್ರಿಗೆ ಕಾಣ್ತದೆ. ನಿನ್ನ ಭಾವ ನಿಂತ್ಕಂಬಂಗಿದ್ರೆ ಈ ಕಿಟಕಿ ಯಾರಿಗೆ ಬೇಕಾಗಿತ್ತು?"

ಆಮೇಲೆ ಅವನು ಮಾಡಿದ್ದು ಕೇಳಿ. ಅಂಗಿ ಕಳಚಿ ಭಾವನ ಪಕ್ಕದಲ್ಲೇ ಅಡ್ಡಾದ. ಅವರ ದಿಂಬಿಗೇ ತಲೆ ಕೊಟ್ಟು, ನೆಲದಿಂದ ಕಣ್ಣಿನ ತನಕ ಟೇಪು ಹಿಡಿದು ಅಳೆದ. ಹಾಗೇ ಒಂದು ನಿದ್ದೆಯನ್ನೂ ಹೊಡೆದ! ಎದ್ದು ಕಂಪ್ಯೂಟರಿನ ಕಣ್ಣನ್ನು ಮಂಚದ ಮಟ್ಟಕ್ಕೆ ಇಳಿಸಿದ. ಈಗ ಪರದೆಯಲ್ಲಿ ಬರೀ ಗೋಡೆ, ಅದರ ಮೇಲೆ ಚೂರು ಆಕಾಶ. ಕಿಟಕಿಯನ್ನು ತಗ್ಗಿಸುತ್ತ ತಗ್ಗಿಸುತ್ತ ಹೋದ, ದಾರಿ ಬಂತು. ಪರದೆಯನ್ನು ಮಂಚದ ಕಡೆ ತಿರುಗಿಸಿ, "ಆತಾ, ಭಾವ?" ಎಂದ. ಅವರು ಕಣ್ಣು ಮುಚ್ಚಿ ತೆರೆದರು.

ಮನೆ ಕಟ್ಟುವ ಮೇಸ್ತ್ರಿ ತಕರಾರು ತೆಗೆದ: "ಇಷ್ಟು ತಗ್ಗಿಗೆ ಕಿಟಕಿ ಇಟ್ರೆ ಕೋಳಿ ಒಳಗೆ ಬತ್ತದೆ, ಮಾರಾಯ್ರೆ!"

"ಬರ್ಲಿ, ಗೂಡು ಕಟ್ಟೂದು ಉಳೀತಲ್ಲ!" ಅಂದ ನನ್ನ ತಮ್ಮ.

ಹೊಸ ಮನೆ ಹೊಕ್ಕ ಮರುದಿನ ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಮೀನಿನವಳ ಕೂಗು ಇನ್ನೂ ಕೇಳಿರಲಿಲ್ಲ. ಅಷ್ಟರಲ್ಲಿ ಕೋಣೆಯಿಂದ ಸ್ವರ ಬಂತು. ತೊದಲು, ಆದರೆ ಗಟ್ಟಿ: "ಏ... ಬಂಗ್ಡೆ ಅದ್ಯೇ?"

ಓಡಿಹೋಗಿ ನೋಡಿದರೆ, ಅವಳು ಬುಟ್ಟಿ ಇಳಿಸಿ ಕಿಟಕಿಯ ಎದುರು ಕೂತಿದ್ದಾಳೆ. ಇವರು ಒಳಗಿಂದ ಒಂದೊಂದೇ ಮಾತು ಹೆಕ್ಕಿ ಅವಳ ಮಕ್ಕಳನ್ನು ವಿಚಾರಿಸುತ್ತಿದ್ದಾರೆ.

ಬಂಗ್ಡೆಯ ಕಿವಿರು ಎತ್ತಿ ನೋಡಿದೆ. ಮೀನು ನಿನ್ನೆಯದು. ಚೌಕಾಸಿ ಮಾಡದೆ ಬುಟ್ಟಿಯಲ್ಲಿದ್ದಷ್ಟನ್ನೂ ತೆಗೆದುಕೊಂಡೆ.