ಉಜ್ಜಪ್ಪ ಪಾಸಾದ ದಿನ

ಸಂತೋಷಕ್ಕೂ ಕಣ್ಣಲ್ಲಿ ನೀರು ಬರುತ್ತದೆ ಎನ್ನುವುದು ಕೆಳಮನೆಯ ಟೇಲರಮ್ಮನಿಗೆ ಆ ಬೆಳಿಗ್ಗೆ ಹೊಳೆಯಲಿಲ್ಲ. ಆಮೇಲಿನ ಎಡವಟ್ಟಿಗೆಲ್ಲ ಅದೇ ಮೂಲ.

ಮೇಲ್ಮನೆಯ ಉಜ್ಜಪ್ಪ ಮೆಟ್ಟಿಲ ಮೇಲೆ ಕೂತು, ಮೊಬೈಲನ್ನು ಎದೆಗೆ ಅವಚಿಕೊಂಡು ಬಿಕ್ಕುತ್ತಿದ್ದ. ಉಜ್ಜಪ್ಪ ಅವನ ನಿಜವಾದ ಹೆಸರಲ್ಲ. ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವನದು. ಹೆಸರು ಅಲ್ಲಿಂದ ಅಂಟಿಕೊಂಡಿತ್ತು. ಮುಂದಿನ ಕೋಣೆಯಲ್ಲಿ ಕೂತು ಗಿರಾಕಿಗಳ ಕಣ್ಣು ತಪಾಸಣೆ ಮಾಡುವವನಾಗಬೇಕೆಂದು ವರ್ಷಗಳಿಂದ ಪರೀಕ್ಷೆಗೆ ಕಟ್ಟುತ್ತಿದ್ದ. ಎಷ್ಟು ಸಲ ಡುಮ್ಕಿ ಹೊಡೆದಿದ್ದನೆಂದರೆ, ಪರೀಕ್ಷಾ ಕೇಂದ್ರದ ಕಾವಲುಗಾರ ಅವನನ್ನು ಕಂಡ ಕೂಡಲೇ ಮನೆಯವರ ಕ್ಷೇಮ ವಿಚಾರಿಸುತ್ತಿದ್ದ. ಅಂಗಡಿಯಲ್ಲಿ ಈಗಿರುವ ತಪಾಸಣೆಯವರು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಪಾಸಾದರೆ ಆ ಕುರ್ಚಿ ನಿನಗೇ ಎಂದು ಯಜಮಾನಿ ಮಾತು ಕೊಟ್ಟಿದ್ದಳು. ಆ ಬೆಳಿಗ್ಗೆ ಉಜ್ಜಪ್ಪ ಪಾಸಾಗಿದ್ದ.

ಟೇಲರಮ್ಮ ಪಕ್ಕದಲ್ಲಿ ಬಂದು ಕೂತು ಬೆನ್ನು ಸವರಿದಳು. "ಅಳಬೇಡ ಕಣಪ್ಪ. ಪರೀಕ್ಷೆ ಏನು ಎಲ್ಲಾದರೂ ಓಡಿಹೋಗತ್ತಾ? ಇನ್ನೊಂದು ಸಲ ಕೂತ್ಕೊಂಡರಾಯ್ತು."

ಉಜ್ಜಪ್ಪ ಬಾಯಿ ತೆರೆದ. ಆಗ ಹೆಂಡತಿಗೆ ಕೊಟ್ಟ ಮಾತು ನೆನಪಾಯಿತು. ಏನೇ ಆಗಲಿ, ಮೊದಲು ನನಗೇ ಹೇಳಬೇಕು, ಅದೂ ಎದುರಿಗೇ, ಎಂದು ಅವಳು ಆಣೆ ಹಾಕಿಸಿದ್ದಳು. ಅವಳು ಆಸ್ಪತ್ರೆಯ ಆಪರೇಷನ್ ಕೋಣೆಯ ನರ್ಸು. ಡ್ಯೂಟಿ ಮುಗಿಯುವುದು ಸಂಜೆಗೆ. ಇವನನ್ನು ಓದಿಸಲೆಂದು ಪ್ರಶ್ನೆ ಕೇಳುತ್ತಾ ಕೇಳುತ್ತಾ ಅವಳಿಗೇ ಅರ್ಧ ಪುಸ್ತಕ ಬಾಯಿಪಾಠವಾಗಿತ್ತು. ಅವಳಿಗಿಂತ ಮೊದಲು ಬೇರೆಯವರಿಗೆ ಹೇಳುವುದುಂಟೆ?

"ಹಾಗಲ್ಲ ಟೇಲರಮ್ಮ, ಅದು..." ಎಂದು ತೊದಲಿ ಒಳಗೆ ಎದ್ದುಹೋದ. ಟೇಲರಮ್ಮನಿಗೆ ಅಷ್ಟು ಸಾಕಾಯಿತು. ಅವನು ತಲೆ ಬಾಚಿ ಕೆಳಗಿಳಿಯುವಷ್ಟರಲ್ಲಿ ಅವಳು ಅಂಗಡಿಗೂ ಫೋನು ಮಾಡಿ, ಹುಡುಗ ತುಂಬಾ ನೊಂದಿದ್ದಾನೆ, ಇವತ್ತು ಗದರಿಸಬೇಡಿ ಎಂದು ಹೇಳಿಯಾಗಿತ್ತು.

ಯಜಮಾನಿಯ ಕಂಠಕ್ಕೆ ಗಾಜೇ ಬಿರುಕು ಬಿಡುತ್ತದೆಂದು ಅಂಗಡಿಯವರೆಲ್ಲ ನಂಬಿದ್ದರು. ಅಂಥವಳು ಆ ದಿನ ಹತ್ತಿಯಂತೆ ಮೆತ್ತಗೆ ಮಾತಾಡಿದಳು. ತನ್ನ ಮೇಜಿನ ಫ್ಯಾನನ್ನು ತಾನೇ ಎತ್ತಿ ತಂದು ಅವನ ಮುಂದಿಟ್ಟಳು. ತಪಾಸಣೆಯ ಹಿರಿಯರಂತೂ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಯಾವತ್ತೂ ಅವನ ಮುಖ ನೋಡಿ ನಗದಿದ್ದ ಮನುಷ್ಯ.

"ಯಾರಿಗೂ ಹೇಳಿಲ್ಲ, ನಿನಗೆ ಹೇಳ್ತೀನಿ," ಎಂದರು. "ನಾನೂ ಡುಮ್ಕಿ ಹೊಡೆದವನೇ ಕಣಯ್ಯಾ. ನನ್ನ ಜೊತೆ ಓದಿದವರೆಲ್ಲ ಮದುವೆಯಾಗಿ ಮಕ್ಕಳನ್ನ ಶಾಲೆಗೆ ಸೇರಿಸೋ ಹೊತ್ತಿಗೆ ನಾನು ಪಾಸಾಗಿದ್ದು."

ಉಜ್ಜಪ್ಪ ಎದ್ದು ನಿಂತ. ಸಾರ್, ನಾನು... ಎಂದು ಶುರುಮಾಡಿದರೆ ಅವರು ಕೈ ಎತ್ತಿ, ಏನೂ ಹೇಳಬೇಡ, ಗೊತ್ತು ಎಂದರು. ಧೈರ್ಯ ಬರಲಿ ಎಂದು, ತಾವು ಪಕ್ಕದಲ್ಲಿ ನಿಂತು, ಒಬ್ಬ ಹೆಂಗಸಿನ ಕಣ್ಣು ತಪಾಸಣೆಯನ್ನು ಅವನ ಕೈಯಿಂದಲೇ ಮಾಡಿಸಿದರು. ಉಜ್ಜಪ್ಪ ಒಂದೊಂದೇ ಗಾಜು ಬದಲಿಸಿದ. ಆಕೆ ಕಟ್ಟಕಡೆಯ ಸಾಲನ್ನೂ ಸಲೀಸಾಗಿ ಓದಿ, ಬಾಗಿಲ ಬಳಿ ನಿಂತಿದ್ದ ಗಂಡನ ಕಡೆ ತಿರುಗಿದಳು. ಬಹಳ ಹೊತ್ತು ನೋಡಿ, "ನಿಮಗೆ ಇಷ್ಟೊಂದು ವಯಸ್ಸಾಯ್ತಾ?" ಎಂದಳು. ಹಿರಿಯರು ಉಜ್ಜಪ್ಪನ ಭುಜ ತಟ್ಟಿದರು. ಸರಿಯಾದ ನಂಬರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಉಜ್ಜಪ್ಪನಿಗೆ ತಾನು ಕಳ್ಳನೆನಿಸತೊಡಗಿತು. ಜೊತೆಗೆ ಇನ್ನೊಂದು ವಿಚಿತ್ರವೂ ತೋರಿತು. ಇಷ್ಟು ವರ್ಷ ಫೇಲಾದಾಗಲೆಲ್ಲ ಅವನು ಹೆಂಡತಿಗೆ ಬಿಟ್ಟು ಯಾರಿಗೂ ಹೇಳದೆ, ತಲೆ ತಗ್ಗಿಸಿ ಗಾಜು ಉಜ್ಜಿಕೊಂಡಿದ್ದ. ಗೊತ್ತಾದರೆ ನಗುತ್ತಾರೆಂಬ ಭಯ. ಈಗ ನೋಡಿದರೆ ನಗುವವರು ಒಬ್ಬರೂ ಇರಲಿಲ್ಲ.

ಯಜಮಾನಿ ಅವನನ್ನು ಬೇಗನೆ ಮನೆಗೆ ಕಳಿಸಿದಳು. ಅಲ್ಲಿ ಟೇಲರಮ್ಮ ಅಡುಗೆ ಮಾಡಿಟ್ಟು, ಅವನ ಅಂಗಿಗಳಿಗೆ ಗುಂಡಿ ಹೊಲಿಯುತ್ತಾ ಕೂತಿದ್ದಳು. ಉಜ್ಜಪ್ಪನ ಅಕ್ಕನ ಗಂಡನೂ ಸುದ್ದಿ ಕೇಳಿ ಬಂದಿದ್ದ. ಜೀವನದಲ್ಲಿ ಮೇಲೆ ಬರುವುದು ಹೇಗೆ ಎಂದು ಸಿಕ್ಕಸಿಕ್ಕವರಿಗೆ ಉಪದೇಶ ಮಾಡುವ ಭಾವ ಅವನು. ಇವತ್ತು ಉಜ್ಜಪ್ಪನ ಕೈ ಹಿಡಿದು ಮೌನವಾಗಿ ಕೂತ. ಉಪದೇಶ ಗಂಟಲಲ್ಲೇ ಸಿಕ್ಕಿಕೊಂಡು ಅವನ ಮುಖ ಸೀಟಿ ಕಟ್ಟಿಕೊಂಡ ಕುಕ್ಕರಿನಂತೆ ಬಿಗಿದು ಕೆಂಪಾಗಿತ್ತು. ಸಂಜೆಗೆ ಯಜಮಾನಿಯೂ ಹಣ್ಣಿನ ಚೀಲ ಹಿಡಿದು ಬಂದಳು.

ಅಷ್ಟರಲ್ಲಿ ಹೆಂಡತಿ ಬಂದಳು. ಉಜ್ಜಪ್ಪ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದ. ಒಳಗಿಂದ ಬಂದ ಚೀರಾಟ ಕೇಳಿ ಟೇಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೆಂಡತಿ ಹೊರಬಂದು, "ಯಾರೂ ಅಳಬೇಡಿ," ಎಂದಳು. "ಇವರು ಪಾಸಾಗಿದ್ದಾರೆ. ಬೆಳಿಗ್ಗೇನೇ ಗೊತ್ತಿತ್ತಂತೆ. ನನಗೆ ಮೊದಲು ಹೇಳಬೇಕು ಅಂತ ಬಾಯಿ ಹೊಲ್ಕೊಂಡು ಕೂತಿದ್ದರು."

ಭಾವ ಹಿಡಿದ ಕೈ ಬಿಟ್ಟ. ಟೇಲರಮ್ಮನ ಸೂಜಿ ನಿಂತಿತು. ಯಜಮಾನಿ ಮಾತ್ರ ಮೆಲ್ಲನೆ ಕುರ್ಚಿಗೆ ಕುಸಿದಳು.

"ಎಂಥ ಕೆಲಸ ಮಾಡಿದೆಯೋ," ಎಂದಳು. ಪರೀಕ್ಷೆಯ ಭೂತ ಇವನ ಹೆಗಲಿಂದ ಇಳಿಯಲಿ, ಇನ್ನು ಯಾರೂ ಇವನನ್ನು ಒತ್ತಾಯ ಮಾಡುವುದು ಬೇಡ ಎಂದು ಅವಳು ಮಧ್ಯಾಹ್ನವೇ ತಪಾಸಣೆಯ ಕುರ್ಚಿಗೆ ಬೇರೊಬ್ಬನನ್ನು ಗೊತ್ತುಮಾಡಿ, ನಾಳೆಯಿಂದಲೇ ಹಿರಿಯರ ಬಳಿ ಕೆಲಸ ಕಲಿಯಲು ಬಾ ಎಂದಿದ್ದಳು. ಬೆಳಿಗ್ಗೆ ಫೋನು ಮಾಡಿದಾಗ ಟೇಲರಮ್ಮ ಮಾತಿಗೆ ಮಾತು ಬಂದು ತನ್ನ ಅಳಿಯನ ವಿಷಯ ಹೇಳಿದ್ದಳಂತೆ: ಇದೇ ಪರೀಕ್ಷೆ ಪಾಸಾಗಿ, ಕೆಲಸ ಸಿಗದೆ, ಹೆಂಡತಿ ಮಕ್ಕಳೊಡನೆ ಅತ್ತೆಯ ಮನೆಯಲ್ಲಿದ್ದಾನೆಂದು. ಆ ಅಳಿಯನಿಗೇ ಕುರ್ಚಿ ಎಂದು ಕೊಟ್ಟ ಮಾತಿಗೆ ಈಗ ಹೇಗೆ ತಪ್ಪುವುದು?

ಟೇಲರಮ್ಮ ತಲೆ ಎತ್ತಲಿಲ್ಲ. ಉಜ್ಜಪ್ಪನಿಗೆ ಸಿಟ್ಟು ಬರಬೇಕಾಗಿತ್ತು. ಅವಳ ಮಡಿಲಲ್ಲಿದ್ದ ತನ್ನ ಅಂಗಿ ನೋಡಿದ, ಬರಲಿಲ್ಲ.

"ಪಾಸಾಗಿದ್ದನ್ನ ಯಾರೂ ಕಿತ್ಕೊಳ್ಳಲ್ಲ," ಎಂದಳು ಹೆಂಡತಿ. "ಊರಲ್ಲಿ ಅಂಗಡಿ ಇದೊಂದೇನಾ? ನಾಳೆಯಿಂದ ಹುಡುಕೋಣ." ಯಜಮಾನಿ, ತಾನೇ ನಾಲ್ಕು ಕಡೆ ಹೇಳುತ್ತೇನೆ, ಅಲ್ಲಿಯವರೆಗೆ ಮಾತ್ರ ಗಾಜು ಉಜ್ಜುತ್ತಿರು ಎಂದಳು. ಭಾವನ ಉಪದೇಶ ಈಗ ಕಟ್ಟೆಯೊಡೆದು ಹರಿಯತೊಡಗಿತು.

ಆಗ ಬಾಗಿಲಲ್ಲಿ ಟೇಲರಮ್ಮನ ಅಳಿಯ ಕಾಣಿಸಿಕೊಂಡ. ಇಲ್ಲಿ ನಡೆದದ್ದೊಂದೂ ಅವನಿಗೆ ಗೊತ್ತಿಲ್ಲ. ನೇರವಾಗಿ ಬಂದು ಉಜ್ಜಪ್ಪನ ಎರಡೂ ಕೈ ಹಿಡಿದುಕೊಂಡ, ಕಣ್ಣು ತುಂಬಿತ್ತು.

"ಅಣ್ಣಾ, ನೀವು ಫೇಲಾಗಿದ್ದರಿಂದ ನನ್ನ ಸಂಸಾರ ಉಳೀತು. ಈ ಉಪಕಾರ ಯಾವತ್ತೂ ಮರೆಯಲ್ಲ."

ಎಲ್ಲರೂ ನೆಲ ನೋಡತೊಡಗಿದರು. ಭಾವ ಕೂಡ ಬಾಯಿ ಮುಚ್ಚಿದ.

ಉಜ್ಜಪ್ಪ ಆ ಮುಖವನ್ನೇ ನೋಡಿದ. "ಇರಲಿ ಬಿಡಪ್ಪ," ಎಂದ. "ನಾಳೆ ಸ್ವಲ್ಪ ಬೇಗ ಬಾ. ಆ ಕೋಣೆಯ ದೀಪದ ಸ್ವಿಚ್ಚು ಎಲ್ಲಿದೆ ಅಂತ ಹೊಸಬರಿಗೆ ಗೊತ್ತಾಗಲ್ಲ, ತೋರಿಸ್ತೀನಿ."