ನಾಲ್ಕು ಮೂಲೆಯ ಬಿರಡೆ

ದೇವರು ಕೊಟ್ಟದ್ದನ್ನು ಎಣಿಸಿಕೊಂಡು ತೃಪ್ತಿಯಾಗಿರುವವರ ಪೈಕಿ ನಾನು. ನಲ್ಲಿಯಲ್ಲಿ ನೀರು ಬಂದರೆ ಒಂದು ನಮಸ್ಕಾರ, ಕಾಯಿಸಿದ ಹಾಲು ಒಡೆಯದಿದ್ದರೆ ಇನ್ನೊಂದು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ನಿಂತುಬಿಟ್ಟಾಗ ಕೂರಲು ಸೀಟು ಸಿಕ್ಕಿದ್ದರೆ ಅದಕ್ಕೂ ಒಂದು. ಹೀಗೆ ಚಿಲ್ಲರೆ ನಮಸ್ಕಾರಗಳಲ್ಲೇ ಸಂಸಾರ ಸಾಗಿಸಿದವಳ ಮನಸ್ಸಿನಲ್ಲಿ ಕಹಿ ಇರಬಾರದು. ಆದರೆ ಇದೆ. ಅಟ್ಟೂರಿನ ನಮ್ಮ ಮನೆಯ ಗೇಟಿನ ಒಳಗೆ, ನಾನು ತುಳಸಿಕಟ್ಟೆ ಕಟ್ಟಿಸಬೇಕೆಂದುಕೊಂಡಿದ್ದ ಜಾಗದಲ್ಲಿ, ಹಸಿರು ಬಣ್ಣ ಬಳಿದುಕೊಂಡು ನಾಲ್ಕು ಚಕ್ರಗಳ ಮೇಲೆ ನಿಂತಿದೆ. ನಮ್ಮ ಮನೆಯವರು ಅದನ್ನು ಜೀಪು ಎನ್ನುತ್ತಾರೆ. ತುಳಸಿ ಈಗ ಒಂದು ಪೇಂಟ್ ಡಬ್ಬದೊಳಗೆ, ನೀರಿನ ಮೀಟರಿನ ಪಕ್ಕದಲ್ಲಿದ್ದಾಳೆ. ಅವಳೂ ಏನೂ ಅನ್ನುವುದಿಲ್ಲ, ನಾನೂ ಅನ್ನುವುದಿಲ್ಲ.

ಈ ಜೀಪು ಮನೆಗೆ ಬಂದದ್ದು ನನ್ನ ತಾಯಿಯ ನೆಪದಲ್ಲಿ. ನನ್ನ ತವರಿನ ಮನೆದೇವರು ದೊಡ್ಡಬಳ್ಳಾಪುರದಿಂದಾಚೆ ಒಂದು ಬೆಟ್ಟದ ಮೇಲಿರುವ ದೇವಿ. ಟಾರು ರಸ್ತೆ ಮುಗಿದ ಮೇಲೆ ಬರೀ ಕಲ್ಲುಮಣ್ಣಿನ ಏರುದಾರಿ. ಬಾಡಿಗೆ ಕಾರಿನವರು ಅಲ್ಲಿಗೆ ಬರಲು ಒಪ್ಪುವುದಿಲ್ಲ. ತಣಿಸಂದ್ರದಲ್ಲಿರುವ ನನ್ನ ತಮ್ಮನ ಕಾರಿನ ಹೊಟ್ಟೆಯೋ, ಅವರ ಅಪಾರ್ಟ್‌ಮೆಂಟಿನ ರಸ್ತೆಯುಬ್ಬಿಗೇ ತಾಗುತ್ತದೆ. ಅಮ್ಮ ಅವನ ಜೊತೆಗಿದ್ದಾಳೆ. ಮಂಡಿ ಸವೆದುಹೋಗಿದೆ, ಬೆಟ್ಟ ಹತ್ತಲಾರಳು. ದೇವಿಗೆ ಒಂದು ಸೀರೆಯನ್ನು ತನ್ನ ಕೈಯಾರೆ ಒಪ್ಪಿಸಬೇಕೆಂದು ತೆಗೆಸಿಟ್ಟುಕೊಂಡು ಕಾಯುತ್ತಿದ್ದಳು. ಅಲ್ಲಿ ಸೀರೆ ಏರಿಸುವುದು ವರ್ಷಕ್ಕೊಮ್ಮೆ, ವಿಜಯದಶಮಿಯ ಬೆಳಿಗ್ಗೆ ಮಾತ್ರ. "ನಿಮ್ಮಮ್ಮನ್ನ ಗುಡಿ ಬಾಗಿಲಿಗೇ ಇಳಿಸ್ತೀನಿ ನೋಡು," ಎಂದು ಹೇಳಿ ಇವರು ಯಾರೋ ಓಡಿಸಿ ಬಿಟ್ಟ ಜೀಪನ್ನು ತಂದು ನಿಲ್ಲಿಸಿದರು. ನಾನು ನಂಬಿದೆ. ಅಲ್ಲಿಂದಾಚೆಗೆ ಪ್ರತಿ ವಿಜಯದಶಮಿಗೂ ಜೀಪು ಒಂದೊಂದು ಕಾರಣಕ್ಕೆ ಹೊರಡಲಿಲ್ಲ. ಒಂದು ಸಲ ಕ್ಲಚ್ಚು, ಒಂದು ಸಲ ರೇಡಿಯೇಟರು, ಒಂದು ಸಲ ಏನೂ ಇಲ್ಲ, ಬರೀ ಇವರ ಅನುಮಾನ. ಮನೆಗೊಬ್ಬಳು ಸೊಸೆ ಬಂದು ಇಷ್ಟು ಕಾಯಿಲೆ ಹೇಳಿದ್ದರೆ ಊರೆಲ್ಲ ಆಡಿಕೊಳ್ಳುತ್ತಿತ್ತು.

ಇವರು ಯಶವಂತಪುರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಿಟಕಿಯ ಹಿಂದೆ ಕೂತು, ಕೇಳಿದವರಿಗೆ ಸ್ಪ್ಯಾನರು, ಸಾಕೆಟ್ಟು, ಡ್ರಿಲ್ಲು ಎತ್ತಿಕೊಟ್ಟು ಸಹಿ ಹಾಕಿಸಿಕೊಳ್ಳುವ ಕೆಲಸ. ಹೀಗಾಗಿ ಅವರಿಗೆ ಎಲ್ಲ ಸಲಕರಣೆಗಳ ಹೆಸರು ಗೊತ್ತು, ಅಳತೆ ಗೊತ್ತು, ಯಾವ ಗೂಡಿನಲ್ಲಿರಬೇಕೆಂಬುದೂ ಗೊತ್ತು. ಕಿಟಕಿಯಾಚೆ ಹೋದ ಮೇಲೆ ಅವುಗಳಿಂದ ಏನು ಮಾಡುತ್ತಾರೆ ಎಂಬುದೊಂದು ಮಾತ್ರ ಗೊತ್ತಿಲ್ಲ. ಆ ಕೊರತೆಯನ್ನು ಈಗ ಮೊಬೈಲಿನಲ್ಲಿ ವಿಡಿಯೋ ನೋಡಿ ತುಂಬಿಕೊಳ್ಳುತ್ತಿದ್ದಾರೆ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಜೀಪಿನ ಕೆಳಗೆ ಮಲಗುತ್ತಾರೆ ಅಷ್ಟೆ. ಅದನ್ನೂ ಒಂದು ಪುಣ್ಯವೆಂದು ಎಣಿಸಿಕೊಂಡಿದ್ದೆ.

ಆಯುಧಪೂಜೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪೂಜೆಗಿಟ್ಟದ್ದನ್ನು ಮರುದಿನ ಬೆಳಿಗ್ಗೆ ಮರುಪೂಜೆ ಮಾಡಿ ಕದಲಿಸುವ ತನಕ ಯಾರೂ ಮುಟ್ಟುವಂತಿಲ್ಲ. ಇದು ಅಮ್ಮ ಕಲಿಸಿದ್ದು. ಚಾಕು ಇಟ್ಟರೆ ತರಕಾರಿ ಮೊದಲೇ ಹೆಚ್ಚಿಟ್ಟುಕೊಂಡಿರಬೇಕು. ಕತ್ತರಿ ಇಟ್ಟರೆ ಹಾಲಿನ ಪ್ಯಾಕೆಟ್ಟನ್ನು ಹಲ್ಲಿನಿಂದ ಹರಿಯಬೇಕು. ಒಂದು ವರ್ಷ ಹಬ್ಬದ ದಿನವೇ ಬಚ್ಚಲಿನ ನಲ್ಲಿ ಸೋರತೊಡಗಿತು. ಇವರು ಪೂಜೆಗಿಟ್ಟ ಸ್ಪ್ಯಾನರಿಗೆ ಕೈ ಹಾಕಿದರು. ನಾನು ಬಿಡದೆ, ಸೋರಿದ್ದನ್ನೆಲ್ಲ ಬಕೆಟ್ಟಿನಲ್ಲಿ ಹಿಡಿದು ಹಿಡಿದು ಸುರಿದೆ. "ಮೂಢನಂಬಿಕೆಗೂ ಒಂದು ಮಿತಿ ಇರ್ಬೇಕು ಕಣೆ," ಎಂದು ಇಡೀ ದಿನ ಗೊಣಗಿದರು. "ಕಬ್ಬಿಣಕ್ಕೂ ವರ್ಷಕ್ಕೊಂದು ದಿನ ರಜೆ ಬೇಡ್ವೇನ್ರೀ?" ಎಂದೆ. ಮನೆಯಲ್ಲಿ ಇನ್ನು ಯಾರ್ಯಾರಿಗೆ ರಜೆ ಇಲ್ಲ ಎಂಬ ಮಾತನ್ನು ಎತ್ತಲಿಲ್ಲ. ಒಬ್ಬಟ್ಟು ಬೇಯಿಸುವುದು ಬಾಕಿ ಇತ್ತು.

ಈ ವರ್ಷ ಜೀಪು ಚೆನ್ನಾಗಿಯೇ ಇತ್ತು. ಇವರಿಗೆ ತಡೆಯಲಾಗದೆ ಹೋದದ್ದೇ ಅದು. ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಅಮ್ಮನನ್ನು ಕರೆದುಕೊಂಡು ಬೆಟ್ಟಕ್ಕೆ ಹೊರಡುವುದೆಂದು, ಜೀಪಿನ ಪೂಜೆಯನ್ನೂ ಅಲ್ಲಿಯೇ ಮಾಡಿಸುವುದೆಂದು ತೀರ್ಮಾನವಾಗಿತ್ತು. ಆಯುಧಪೂಜೆಯ ಬೆಳಿಗ್ಗೆ ಜೀಪು ತೊಳೆಯುತ್ತಿದ್ದವರು ಅಡುಗೆಮನೆಯ ಬಾಗಿಲಿಗೆ ಬಂದು, "ಸರೋಜ, ದೇವಸ್ಥಾನಕ್ಕೆ ಹೋಗೋ ಗಾಡಿ ಇದು. ಮೇಲ್ಮೇಲೆ ತೊಳೆದ್ರೆ ಆಯ್ತಾ? ಒಳಗೂ ಶುದ್ಧವಾಗಿರ್ಬೇಕಲ್ವಾ?" ಎಂದರು. ಶುದ್ಧ ಎಂಬ ಮಾತು ಅವರ ಬಾಯಲ್ಲಿ ಬಂದಾಗಲೇ ನಾನು ಸೌಟು ಕೆಳಗಿಟ್ಟು ಓಡಿಹೋಗಿ ಜೀಪಿಗೆ ಅಡ್ಡ ಮಲಗಬೇಕಿತ್ತು.

ಜೀಪಿನ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿ ಗಾತ್ರದ ಒಂದು ಕಬ್ಬಿಣದ ಬುರುಡೆ ಇದೆ. ಅದಕ್ಕೆ ಡಿಫ್ರೆನ್ಷಿಯಲ್ ಎನ್ನುತ್ತಾರೆ. ಅದರೊಳಗಿನ ಹಲ್ಲುಚಕ್ರಗಳೇ ಎಂಜಿನ್ನಿನ ಶಕ್ತಿಯನ್ನು ಗಾಲಿಗಳಿಗೆ ಹಂಚುವುದಂತೆ. ಆ ಹಲ್ಲುಗಳು ಎಣ್ಣೆಯಲ್ಲಿ ಅದ್ದಿಕೊಂಡಿರಬೇಕು, ಇಲ್ಲದೆ ಓಡಿಸಿದರೆ ಸವೆದು ಹಾಳಾಗುತ್ತವೆ. ಹಳೆಯ ಎಣ್ಣೆ ಇಳಿಸಲು ತಳದಲ್ಲೊಂದು ಬಿರಡೆ, ಹೊಸದನ್ನು ತುಂಬಲು ಬದಿಯಲ್ಲಿ, ಸ್ವಲ್ಪ ಮೇಲೆ, ಇನ್ನೊಂದು ಬಿರಡೆ. ಇವರು ತಳದ್ದನ್ನು ಸ್ಪ್ಯಾನರಿನಿಂದ ಸಲೀಸಾಗಿ ಬಿಚ್ಚಿದರು. ಕಪ್ಪು ಎಣ್ಣೆ ನನ್ನ ಬಟ್ಟೆ ನೆನೆಸುವ ಬೇಸಿನ್ನಿಗೆ ಇಳಿಯಿತು. ಕೊನೆಯ ಹನಿಯೂ ಇಳಿದ ಮೇಲೆ ಬಿರಡೆ ಹಾಕಿ, ಸ್ಪ್ಯಾನರು ಒರೆಸಿ, ಇಡೀ ಟೂಲ್ ಬಾಕ್ಸನ್ನು ಪೂಜೆಗೆಂದು ನನ್ನ ಕೈಗೆ ಕೊಟ್ಟರು. "ಮೇಲಿನ ಪ್ಲಗ್ಗಿಗೆ ಅಲೆನ್ ಕೀ ಸಾಕು, ಎತ್ತಿಟ್ಕೊಂಡಿದೀನಿ. ಊಟ ಆದ್ಮೇಲೆ ಆರಾಮಾಗಿ ತುಂಬಿಸ್ತೀನಿ," ಎಂದರು. ಅಲೆನ್ ಕೀ ಎಂದರೆ ಮಂಚದ ಬೋಲ್ಟು ಬಿಗಿಯಲು ಕೊಡುತ್ತಾರಲ್ಲ, ಆರು ಮೂಲೆಯ ಬಾಗಿದ ಸಲಾಕೆ, ಅದು. ಎಣ್ಣೆ ತುಂಬುವ ದಾರಿ ತೆರೆಯುತ್ತದೋ ಇಲ್ಲವೋ ನೋಡದೆಯೇ, ಇದ್ದ ಎಣ್ಣೆಯನ್ನೆಲ್ಲ ಚೆಲ್ಲಿಕೊಂಡಿದ್ದಾರೆ ಎಂಬುದು ನನಗೆ ಹೊಳೆಯಲಿಲ್ಲ. ಟೂಲ್ ಬಾಕ್ಸಿನ ಸಾಮಾನನ್ನೆಲ್ಲ ದೇವಿಯ ಪಟದ ಮುಂದೆ ಜೋಡಿಸಿ, ನಟ್ಟಿಗೆ ಟೋಪಿಯಂತೆ ಕೂರುವ ಸಾಕೆಟ್ಟುಗಳನ್ನು ಸಿಕ್ಕಿಸಿ ತಿರುಗಿಸುವ ಉದ್ದನೆಯ ಹಿಡಿ ಎಲ್ಲಕ್ಕಿಂತ ಹೊಳೆಯುತ್ತಿತ್ತೆಂದು ಅದಕ್ಕೇ ಹೆಚ್ಚು ಕುಂಕುಮವಿಟ್ಟು ಸೇವಂತಿಗೆ ಮುಡಿಸಿದೆ.

ಊಟವಾದ ಮೇಲೆ ಜೀಪಿನ ಕೆಳಗಿನಿಂದ ಸದ್ದು ಶುರುವಾಯಿತು. ಮೊದಲು ಅಲೆನ್ ಕೀ ಬರೀ ಸುತ್ತಿತು. ಆಮೇಲೆ ಅದಕ್ಕೆ ಬಟ್ಟೆ ಸುತ್ತಿ ತುರುಕಿದರು. ಆಮೇಲೆ ಟಿವಿ ಮೇಜಿನ ಡ್ರಾಯರಿನಲ್ಲಿದ್ದ ಸ್ಕ್ರೂಡ್ರೈವರು. ಅದರ ತುದಿ ಮುರಿಯಿತು. ಆಮೇಲೆ ಅಡುಗೆಮನೆಗೆ ಬಂದು, ನನ್ನನ್ನು ನೋಡದೆ ಡಬ್ಬಗಳ ಕಡೆ ನೋಡುತ್ತಾ, "ಇಕ್ಕಳ ಎಲ್ಲಿದೆ?" ಎಂದರು. ಬಿಸಿ ಪಾತ್ರೆ ಇಳಿಸುವ ಇಕ್ಕಳ ಅದು, ನನ್ನ ಮದುವೆಯ ಕಾಲದ್ದು. ವಾಪಸು ಬಂದಾಗ ಅದರ ಎರಡು ಕಾಲುಗಳೂ ಮುನಿಸಿಕೊಂಡ ಓರಗಿತ್ತಿಯರಂತೆ ಬೇರೆಬೇರೆ ದಿಕ್ಕಿಗೆ ತಿರುಗಿದ್ದವು.

ಪರಿಚಯದ ಗ್ಯಾರೇಜಿಗೆ ಫೋನು ಮಾಡಿದರು. "ಟೂಲ್ಸಿಗೆಲ್ಲ ಹಾರ ಹಾಕಾಯ್ತು ಸಾರ್, ಬೂದುಗುಂಬಳನೂ ಒಡೆದಾಯ್ತು. ನಾಳೆ ಸಂಜೆ ನೋಡಣ," ಎಂದರಂತೆ. ಹಾರ್ಡ್‌ವೇರ್ ಅಂಗಡಿಯ ಷಟರಿಗೆ ಬಾಳೆಕಂದು ಕಟ್ಟಿತ್ತು. ಈ ಓಡಾಟವನ್ನೆಲ್ಲ ಪಕ್ಕದ ಮನೆಯ ಮುನಿಯಪ್ಪನವರು ತಮ್ಮ ಟ್ರಾಕ್ಟರಿನ ಮೇಲೆ ಕೂತು, ನಾಟಕ ನೋಡುವಂತೆ ನೋಡುತ್ತಿದ್ದರು. ಅಟ್ಟೂರು ಬರೀ ಹೊಲವಾಗಿದ್ದಾಗಿನಿಂದ ಇಲ್ಲಿರುವವರು. ಕೊನೆಗೆ ಇಳಿದು ಬಂದು, ಜೀಪಿನ ಕೆಳಗೆ ಕೈ ಹಾಕಿ ಬೆರಳಾಡಿಸಿ ನಕ್ಕರು.

"ಸಾಮೀ, ತೂತಿಗೆ ನಾಕು ಮೂಲೆ ಅದೆ. ನೀವು ಆರು ಮೂಲೇದು ತುರುಕ್ತಾ ಕುಂತಿದ್ದೀರ. ಇಂಗಾದ್ರೆ ಮುಂದಿನ ಅಬ್ಬಕ್ಕೂ ಬರಾಕಿಲ್ಲ."

"ಮತ್ತೆ ಏನು ಹಾಕ್ಬೇಕ್ರೀ?"

"ಸಾಕೆಟ್ ಸೆಟ್ಟಿನ ಇಡಿ ಇಲ್ವಾ? ಅದಕ್ಕೆ ಸಾಕೆಟ್ ಆಕ್ಬೇಡಿ, ಬರೀ ಮೂತೀನೇ ತುರುಕಿ. ಅದೂ ನಾಕು ಮೂಲೆ, ಇದೂ ನಾಕು ಮೂಲೆ. ಒಂದು ಪೈಪು ಸಿಗಿಸ್ಕಂಡು ತಿರುವಿದ್ರೆ ಅಪ್ಪಾ ಅಂತ ಬತ್ತದೆ."

"ನಿಮ್ಮದು ಸ್ವಲ್ಪ ಕೊಡಿ ಹಾಗಾದ್ರೆ."

"ಅಯ್ಯಯ್ಯೋ, ಪೂಜೆಗೆ ಇಕ್ಕಿವ್ನಿ! ಎತ್ತಿದ್ರೆ ನಮ್ಮವ್ವ ಕೈ ಮುರಿತಾಳೆ. ನಿಮ್ದೆಲ್ಲೈತೆ?"

ಇಬ್ಬರೂ ನನ್ನ ಕಡೆ ತಿರುಗಿದರು. ಕಿಟಕಿಯ ಹಿಂದೆ ಕೂತು ಲೆಕ್ಕವಿಲ್ಲದಷ್ಟು ಬಾರಿ ಅದೇ ಹಿಡಿಯನ್ನು ಎತ್ತಿಕೊಟ್ಟ ಮನುಷ್ಯನಿಗೆ ಅದರ ಬರಿಮೂತಿ ಹೇಗಿದೆಯೆಂದು ಗೊತ್ತಾಗಲು ನಮ್ಮ ಮನೆಯ ಹಬ್ಬವೇ ಬೇಕಾಯಿತು.

ನಾನು ಒಳಗೆ ಹೋಗಿ ಅಮ್ಮನಿಗೆ ಫೋನು ಮಾಡಿದೆ. ಅವಳು ಆಗಲೇ ಸೀರೆ, ಬಳೆ, ಅರಿಸಿನ ಕುಂಕುಮವನ್ನೆಲ್ಲ ಚೀಲಕ್ಕೆ ಹಾಕಿ, ಚೀಲವನ್ನು ಮಂಚದ ಮೇಲೆ ತನ್ನ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ವಿಷಯ ಹೇಳಿದೆ. "ಪೂಜೆಗಿಟ್ಟಿದ್ದನ್ನ ಎತ್ತಬೇಡ ಕಣೆ," ಎಂದಳು. "ಅಮ್ಮನೋರಿಗೆ ಬೇಡ ಅನ್ಸಿದ್ರೆ ಬೇಡ ಬಿಡು. ಮರುಪೂಜೆ ಆಗಿ, ರಿಪೇರಿ ಆಗಿ, ಅಷ್ಟರಲ್ಲಿ ಗುಡಿ ಬಾಗಿಲು ಹಾಕಿರ್ತಾರೆ. ಸೀರೆ ನಿನಗೇ ಕೊಟ್ಟುಬಿಡ್ತೀನಿ. ನಾನು ಹೋದ್ಮೇಲಾದ್ರೂ ಒಪ್ಪಿಸು." ಅವಳ ದನಿಯಲ್ಲಿ ಕೋಪವಿದ್ದಿದ್ದರೆ ನಾನು ಸುಮ್ಮನಾಗುತ್ತಿದ್ದೆನೇನೋ. ಇರಲಿಲ್ಲ. ಅಭ್ಯಾಸವಾದ ದನಿ ಅದು.

ದೇವರ ಕೋಣೆಗೆ ಹೋದೆ. ಇವರೂ ಹಿಂದೆಯೇ ಬಂದರು. "ತಗೊಳ್ಳಿ, ಎತ್ಕೊಳ್ಳಿ," ಎಂದೆ.

ಇವರು ಕೈ ಹಿಂದಕ್ಕೆ ಕಟ್ಟಿಕೊಂಡರು. "ಬೇಡ ಕಣೆ. ನೀನೇ ತಾನೇ ಹೇಳ್ತಿದ್ದೆ, ಪೂಜೆಗಿಟ್ಟಿದ್ದು ಎತ್ತಿದ್ರೆ ಕೇಡು ಅಂತ? ನಾಳೆ ಬೆಟ್ಟದ ದಾರೀಲಿ ಜೀಪಿಗೆ ಏನಾದ್ರೂ ಆದ್ರೆ?"

ಜೀಪಿಗೆ! ಅತ್ತೆಗಲ್ಲ, ಹೆಂಡತಿಗಲ್ಲ. ಇಷ್ಟು ವರ್ಷ ನಾನು ಹೇಳಿದ ಒಂದು ನೇಮವನ್ನೂ ಕಿವಿಗೆ ಹಾಕಿಕೊಳ್ಳದವರಿಗೆ ಅದೇ ಗಳಿಗೆಯಲ್ಲಿ ಭಕ್ತಿ ಬಂದಿತ್ತು. ದೇವರೇ, ಇವರಿಗೆ ಒಳ್ಳೆಯ ಬುದ್ಧಿ ಕೊಡು ಎಂದು ದಿನಾ ಬೇಡಿಕೊಂಡದ್ದು ಹೀಗೆ ಫಲಿಸಬೇಕೇ? ನನಗೆ ಅಳು ಬರಲಿಲ್ಲ, ಬೈಗುಳವೂ ಬರಲಿಲ್ಲ. ದೇವಿಯ ಪಟದತ್ತ ನೋಡಿ, "ನಿನ್ನ ಹತ್ರ ಬರೋದಕ್ಕೇ ತಾಯಿ, ಬೇಕಿದ್ರೆ ಅಲ್ಲೇ ಬೈಯಿ," ಎಂದು ಹಿಡಿಯನ್ನು ಎತ್ತಿಕೊಂಡೆ.

ಎತ್ತಿದವಳೇ ತಿರುಗಿಸಬೇಕು ಎಂಬುದು ಇವರ ಹೊಸ ಶಾಸ್ತ್ರ. ಹಬ್ಬದ ಸೀರೆ ಬಿಚ್ಚಿಟ್ಟು ನೈಟಿ ತೊಟ್ಟು, ಗೋಣಿಚೀಲದ ಮೇಲೆ ಮಲಗಿ ಜೀಪಿನ ಕೆಳಗೆ ತೆವಳಿದೆ. ಸೇವಂತಿಗೆಯನ್ನು ಮಾತ್ರ ತೆಗೆದು ಕಣ್ಣಿಗೊತ್ತಿಕೊಂಡು ಪಕ್ಕಕ್ಕಿಟ್ಟೆ. ಇವರು ಹೊರಗೆ ಕುಕ್ಕರಗಾಲಲ್ಲಿ ಕೂತು ಟಾರ್ಚು ಹಿಡಿದರು; ಟಾರ್ಚು ಪೂಜೆಗೆ ಇಟ್ಟಿರಲಿಲ್ಲ. "ಎಡಕ್ಕೆ ತಿರುಗಿಸು. ಎಡಕ್ಕೆ ಕಣೆ! ನನ್ನ ಎಡಕ್ಕಲ್ಲ, ನಿನ್ನ ಎಡಕ್ಕೆ!" ಹಿಡಿಯ ಚೌಕ ಮೂತಿ ಬಿರಡೆಯ ಚೌಕ ಗುಳಿಯಲ್ಲಿ, ಒರಳಿಗೆ ಗುಂಡು ಕೂತಂತೆ ಕೂತಿತು. ಹಿಡಿಗೆ ಪೈಪು ಸಿಕ್ಕಿಸಿ, ಕಾಲನ್ನು ಚಕ್ರಕ್ಕೆ ಒತ್ತುಕೊಟ್ಟು, ಬಾಯಿಗೆ ಬಂದ ದೇವರ ಹೆಸರನ್ನೆಲ್ಲ ಹೇಳುತ್ತಾ ಎಳೆದೆ. ನಡುವೆ ಒಂದೆರಡು ಹೆಸರು ದೇವರದ್ದಾಗಿರಲಿಲ್ಲ. ಟಕ್ ಎಂದು ಬಿಟ್ಟಿತು. ಹೊಸ ಎಣ್ಣೆಯನ್ನು ಇವರು ಮುಟ್ಟಬಹುದಾಗಿತ್ತು, ಆದರೆ ಅಷ್ಟರಲ್ಲಿ ಅವರ ಬೆನ್ನು ಹಿಡಿದುಕೊಂಡಿತ್ತು. ಅದನ್ನೂ ನಾನೇ ತುಂಬಿದೆ, ತುಳುಕುವ ತನಕ. ಬಿರಡೆಯನ್ನೂ ನಾನೇ ಬಿಗಿದೆ. ಕಾಂಪೌಂಡಿನಾಚೆಯಿಂದ ಮುನಿಯಪ್ಪನವರು, "ಅಕ್ಕೋ, ನಮ್ ಟ್ರಾಕ್ಟರ್ದೂ ಐತೆ, ಯಾವಾಗ ಬತ್ತೀರ?" ಎಂದರು.

ಮಾರನೆಯ ದಿನ ಜೀಪು ಬೆಟ್ಟ ಹತ್ತಿತು. ಅಮ್ಮ ಮುಂದಿನ ಸೀಟಿನಲ್ಲಿ, ಚೀಲ ಅವಳ ತೊಡೆಯ ಮೇಲೆ, ನಾನು ಹಿಂದೆ ಸ್ಟೆಪ್ನಿಯ ಪಕ್ಕದಲ್ಲಿ. ಜೀಪು ಸರಿಹೋಯಿತೆಂದಷ್ಟೇ ಅಮ್ಮನಿಗೆ ಹೇಳಿದ್ದೆ, ಹೇಗೆಂದು ಹೇಳಿರಲಿಲ್ಲ. ಟಾರು ರಸ್ತೆ ಮುಗಿಯುವಷ್ಟರಲ್ಲಿ ಇವರು ಬಾಯಿ ಬಿಟ್ಟಾಗಿತ್ತು. "ನಾನು ಮುಟ್ಲಿಲ್ಲ ಅತ್ತೆ. ಎತ್ತಿದ್ದು ಇವಳೇ." ಅಮ್ಮ ಸೀಟಿನಲ್ಲೇ ಹಿಂದಕ್ಕೆ ತಿರುಗಿ, "ಅಯ್ಯೋ ನಿನ್ನ! ಎತ್ತಬೇಡ ಅಂತ ಬಡ್ಕೊಂಡ್ನಲ್ಲೇ! ನಿನಗಿಂತ ಅಳಿಯಂದ್ರೇ ವಾಸಿ. ಅವರಿಗಿರೋ ಭಯಭಕ್ತಿ ನಿನಗಿಲ್ಲ ನೋಡು," ಎಂದಳು. ಅಳಿಯಂದಿರು ವಿನಯದಿಂದ ಗೇರು ಬದಲಿಸಿದರು.

ಗುಡಿಯಲ್ಲಿ ಅಮ್ಮ ಸೀರೆಯನ್ನು ತನ್ನ ಕೈಯಾರೆ ಒಪ್ಪಿಸಿದಳು. ಅರ್ಚಕರು ಅದನ್ನು ದೇವಿಗೆ ಏರಿಸಿದಾಗ ಅವಳು ಮಂಡಿನೋವು ಮರೆತು ತುದಿಗಾಲಲ್ಲಿ ನಿಂತಿದ್ದಳು. ಅದನ್ನು ನೋಡಿದೆ, ಅಷ್ಟು ಸಾಕು. ಆಮೇಲೆ ಅವಳು ತನ್ನ ಸೊಂಟದ ಚೀಲದಿಂದ ಕಾಸು ತೆಗೆದು ಅರಿಸಿನದ ಬಟ್ಟೆಯಲ್ಲಿ ಕಟ್ಟಿ, ನನ್ನ ಹೆಸರಿನಲ್ಲಿ ತಪ್ಪುಕಾಣಿಕೆ ಹಾಕಿಸಿದಳು. ಇವರ ಹೆಸರಿನಲ್ಲಿ ಕುಂಕುಮಾರ್ಚನೆ ಮಾಡಿಸಿದಳು. ಜೀಪಿಗೆ ಒಂದು ಹಾರ.

ನಾನು ಪ್ರದಕ್ಷಿಣೆಗೆ ಹೊರಟೆ. ಮೂರು ಸುತ್ತು ಬರುವುದು ಪದ್ಧತಿ. ಮೊದಲನೆಯ ಸುತ್ತಿನಲ್ಲಿ ಕ್ಷಮೆ ಕೇಳಬೇಕೆಂದುಕೊಂಡೆ. ಬಿರಡೆಯನ್ನು ಸಾಕಷ್ಟು ಬಿಗಿದೆನೇ ಎಂದು ಯೋಚಿಸುವುದರಲ್ಲೇ ಸುತ್ತು ಮುಗಿಯಿತು. ಎರಡನೆಯದರಲ್ಲಿ ಎಲ್ಲರ ಆರೋಗ್ಯ ಕೇಳಬೇಕೆಂದುಕೊಂಡೆ. ದಾರಿಯಲ್ಲಿ ಕಲ್ಲಿಗೆ ಬಡಿದು ಎಲ್ಲಿ ಸಡಿಲವಾಗಿದೆಯೋ, ಇಳಿಜಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗಬೇಕಲ್ಲ ಎಂಬ ದಿಗಿಲು. ಮೂರನೆಯ ಸುತ್ತಿಗೆ ಕಾಲುಗಳು ಗುಡಿಯ ಗೋಡೆಯನ್ನು ಬಿಟ್ಟು ಜೀಪಿನ ಕಡೆ ನಡೆದವು. ಸೆರಗು ಬಿಗಿದು, ಮಂಡಿಯೂರಿ, ಹಣೆ ಮಣ್ಣಿಗೆ ತಾಗುವಷ್ಟು ಬಗ್ಗಿ ಜೀಪಿನ ಅಡಿಯಲ್ಲಿ ನೋಡಿದೆ. ಒಂದು ಹನಿಯೂ ಸೋರಿರಲಿಲ್ಲ.

"ನೋಡಿ ಅಳಿಯಂದ್ರೇ," ಮೆಟ್ಟಿಲ ಮೇಲಿನಿಂದ ಅಮ್ಮನ ದನಿ ಕೇಳಿಸಿತು, "ಕೊನೆಗೂ ತಪ್ಪು ಅರಿವಾಯ್ತು ಅವಳಿಗೆ. ದೇವಸ್ಥಾನದ ಮುಂದೆ ಹೆಂಗೆ ಬಿದ್ದು ನಮಸ್ಕಾರ ಮಾಡ್ತಿದಾಳೆ."

ನಾನು ತಲೆ ಎತ್ತಲಿಲ್ಲ. ಹೇಗೂ ಬಗ್ಗಿದ್ದೇನಲ್ಲ ಎಂದು ತಳದ ಬಿರಡೆಯನ್ನೂ ಒಮ್ಮೆ ಬೆರಳಿನಿಂದ ಸವರಿ ನೋಡಿದೆ.