ಬೀಜಗಣಿತ ಹೇಳಲು ಹೋಗಿ ಬೆವತ ಕಥೆ

ಲೆಕ್ಕದ ಮಾಸ್ತರನಿಗೆ ಯಾವ ಭಯವೂ ಇಲ್ಲ ಎಂದು ಜನ ತಿಳಿದಿದ್ದಾರೆ. ನಿಜಾಮರ ಕಾಲದಲ್ಲಿ ಕೊಪ್ಪಳದ ಸುತ್ತಲಿನ ಊರುಗಳಲ್ಲಿ ಬೀಜಗಣಿತ ಹೇಳಿದವ ನಾನು. ನನ್ನ ಎದೆ ಎಷ್ಟು ಸಲ ಧಸಕ್ಕೆಂದಿದೆ ಎಂಬುದಕ್ಕೆ ಮಾತ್ರ ಲೆಕ್ಕವಿಲ್ಲ.

ಕುಷ್ಟಗಿ: ಒಂದಾಣೆಯ ಜೋಳ

ಎರಡನೇ ಮಹಾಯುದ್ಧದ ಕಾಲ, ಸರಕಾರಿ ದರದ ಕಂಟ್ರೋಲ್ ಅಂಗಡಿಯಲ್ಲೂ ಜೋಳ ಸಿಗುವುದೇ ಕಷ್ಟ. ಹಳೆಯ ಪುಸ್ತಕ ನೋಡಿ ಹಲಗೆಯ ಮೇಲೆ ಬರೆದೆ: ‘ಎರಡು ಸೇರು ಜೋಳ, ಒಂದು ಸೇರು ಬೇಳೆ ಕೂಡಿ ನಾಲ್ಕಾಣೆ. ಬೇಳೆಯ ದರ ಜೋಳದ ಎರಡರಷ್ಟು. ಜೋಳ ಸೇರಿಗೆಷ್ಟು?’ ಹುಡುಗರು ‘ಒಂದಾಣೆ’ ಎಂದು ಬಿಡಿಸಿ ಮನೆಗೆ ಹೋದರು.

ಮರುದಿನ ಸಾಲಿಯ ಬಾಗಿಲಲ್ಲಿ ಹತ್ತು-ಹನ್ನೆರಡು ಹೆಣ್ಣುಮಕ್ಕಳು ಚೀಲ ಹಿಡಿದು ಸಾಲಾಗಿ ನಿಂತಿದ್ದರು!

“ಒಂದಾಣಿಗೆ ಸೇರು ಅಂದ್ರಂತಲ್ರಿ ಮಾಸ್ತರ್ರ, ನನಗ ಎರಡು ಸೇರು ಹಾಕ್ರಿ” ಎಂದಳು ಮುಂದಿದ್ದ ಅಜ್ಜಿ.

“ಯವ್ವಾ, ಇಲ್ಲಿ ಬರೇ ದರ ಐತಿ, ಕಾಳಿಲ್ಲ.”

“ಕಂಟ್ರೋಲ್ ಅಂಗಡ್ಯಾವನೂ ಹಿಂಗ ಅಂತಾನ್ರಿ” ಎಂದು ಅಜ್ಜಿ ಅಲ್ಲೇ ಕೂತುಬಿಟ್ಟಳು.

ಗಂಗಾವತಿ: ಮನೆಯೊಳಗಿನ ಪರೀಕ್ಷೆ

ಅಲ್ಲಿಯ ಅಂಗಡಿಕಾರ ಚೀಟಿಯಲ್ಲಿ ಬರೀ ಒಟ್ಟು ಮೊತ್ತ ಬರೆಯುತ್ತಿದ್ದ. ನೆರೆಮನೆಯ ಇಬ್ಬರು ಹೆಣ್ಣುಮಕ್ಕಳು ಚೀಟಿ ತಂದರು. ಒಬ್ಬಳು ಮೂರು ಸೇರು ಅಕ್ಕಿ, ಎರಡು ಸೇರು ಬೇಳೆಗೆ ಹತ್ತೊಂಬತ್ತಾಣೆ ಕೊಟ್ಟಿದ್ದಳು. ಇನ್ನೊಬ್ಬಳು ಎರಡೆರಡು ಸೇರಿಗೆ ಹದಿನಾರು. “ಕಳೀರಿ. ಹೆಚ್ಚಿನ ಒಂದು ಸೇರು ಅಕ್ಕಿಗೆ ಮೂರಾಣೆ. ಅಂದ್ರ ಬೇಳೆ ಐದಾಣೆ” ಎಂದೆ. ಇಬ್ಬರೂ ಬೆರಗಾದರು. ನಾನು ಮೀಸೆ ತಿರುವಿದೆ.

ಒಳಗಿನಿಂದ ನನ್ನ ಹೆಂಡತಿ ಬಂದಳು. “ನಿಮ್ಮ ಲೆಕ್ಕ ತಪ್ಪಂಗಿಲ್ಲ ಹೌದಿಲ್ರಿ?”

“ಎಂದೂ ಇಲ್ಲ.”

“ಮತ್ತ ನಿನ್ನಿ ಅದ ಅಂಗಡ್ಯಾಗಿನ ಒಂದು ಸೇರು ಅಕ್ಕಿಗೆ ನಾಲ್ಕಾಣಿ ಅಂತ ಇಸ್ಕೊಂಡು ಹೋದ್ರಲ್ಲ?”

ಮಿಕ್ಕಿದ ಒಂದಾಣೆ ಮಿರ್ಚಿಭಜಿಯಾಗಿ ಹೊಟ್ಟೆ ಸೇರಿತ್ತು. ನನ್ನ ಲೆಕ್ಕವೂ ತಪ್ಪಬಹುದೆಂದು ಅವತ್ತು ಮೊದಲ ಸಲ ಒಪ್ಪಿಕೊಂಡೆ.

ಯಲಬುರ್ಗಾ: ಕುರಿಯ ಬೆಲೆ

ಸಾಲಿ ತಪಾಸಣೆಗೆ ಬಂದ ಸಾಹೇಬರು ಬಾಯಿಗೆ ಬಂದ ಲೆಕ್ಕ ಕೊಟ್ಟರು. “ಒಂದು ಆಡು, ಒಂದು ಕುರಿ ಕೂಡಿ ಮೂರು ರೂಪಾಯಿ. ಎರಡು ಆಡು, ಮೂರು ಕುರಿ ಕೂಡಿ ನಾಲ್ಕು ರೂಪಾಯಿ. ಕುರಿಗೆಷ್ಟು?”

ಇಡೀ ತರಗತಿಯ ಉತ್ತರ ಒಂದೇ: ಋಣ ಎರಡು ರೂಪಾಯಿ! ನಾನೇ ಗಾಬರಿಯಿಂದ ಹಲಗೆಯ ಮೇಲೆ ಬಿಡಿಸಿದೆ. ಅದೇ ಬಂತು. ಸಾಹೇಬರ ಮುಖ ಕೆಂಪಾಯಿತು. “ಸೊನ್ನೆಗಿಂತ ಕಡಿಮಿ ಬೆಲೆ ಎಲ್ಯಾರ ಇರ್ತದೇನ್ರಿ? ಇದನ್ನ ಕಲಿಸೀರೇನು? ನಿಮ್ಮ ನೌಕರಿ ಉಳಿಯಂಗಿಲ್ಲ.”

ಕಿಟಕಿಯ ಹೊರಗೆ ಒಬ್ಬ ಕುರಿಗಾಹಿ ನಿಂತಿದ್ದ. ಸಾಹೇಬರು ಅವನನ್ನೇ ಕೇಳಿದರು. “ಏನಪಾ, ಕುರಿ ಕೊಟ್ಟು ಮ್ಯಾಲ ಎರಡು ರೂಪಾಯಿ ಕೊಡಾವರು ಯಾರರ ಅದಾರೇನು?”

“ನಾನ ಅದೀನ್ರಿ” ಎಂದ ಅವನು ತಣ್ಣಗೆ. “ಸಾಹೇಬ್ರು ಬಂದಾರ, ಅವರ ಊಟಕ್ಕ ಬೇಕು ಅಂತ ನಿನ್ನಿ ನಿಮ್ಮ ಜವಾನ ಕುರಿ ಹೊಡ್ಕೊಂಡು ಹೋದ. ಮಸಾಲಿಗೆ ಅಂತ ಎರಡು ರೂಪಾಯಿನೂ ಇಸ್ಕೊಂಡ.”

ಸಾಹೇಬರು ಮತ್ತೊಮ್ಮೆ ಹಲಗೆ ನೋಡಿದರು. ಆಮೇಲೆ ತಪಾಸಣೆಯ ಪುಸ್ತಕ ತೆಗೆದು ಬರೆದರು: ‘ಉತ್ತರ ಸರಿಯಾಗಿದೆ.’